ಬೈಪೋಲಾರ್ ಕಾಯಿಲೆ: ಮನೆಯಲ್ಲಿ ಆರೈಕೆ ಮಾಡುವವರಿಗೆ ನರ್ಸ್‌ಗಳಿಂದ ಸಿಗಬೇಕಾದ ನೆರವು

ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸು ಎರಡು ತುದಿಗಳಿಗೆ ಹೋಗುತ್ತದೆ. ಒಂದು ತುದಿ ಉನ್ಮಾದ. ಆಗ ಮನುಷ್ಯ ರಾತ್ರಿ ಎರಡು ಮೂರು ತಾಸು ಮಲಗಿದರೂ ದಣಿಯುವುದಿಲ್ಲ, ಒಂದೇ ಸಮನೆ ಮಾತಾಡುತ್ತಾನೆ, ಸಾಲ ತಂದು ದೊಡ್ಡ ವ್ಯವಹಾರಕ್ಕೆ ಇಳಿಯುತ್ತಾನೆ, ತಡೆದವರ ಮೇಲೆ ಜಗಳಕ್ಕೆ ಬರುತ್ತಾನೆ. ಇನ್ನೊಂದು ತುದಿ ಖಿನ್ನತೆ. ಆಗ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳುವುದಿಲ್ಲ, ಊಟ ಸೇರುವುದಿಲ್ಲ, ಸಾಯುವ ಮಾತು ಬರುತ್ತದೆ. ನಡುವೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಎಲ್ಲರಂತೆ ಇರುತ್ತಾರೆ.

ಈ ನಡುವಿನ ಕಾಲವೇ ಮನೆಯವರನ್ನು ಮೋಸಗೊಳಿಸುತ್ತದೆ. ‘ಈಗ ಆರಾಮ ಆಗ್ಯಾನ, ಇನ್ನ ಗುಳಿಗಿ ಯಾಕ?’ ಎಂದು ಔಷಧ ನಿಲ್ಲಿಸುತ್ತಾರೆ. ಕಾಯಿಲೆ ಮರುಕಳಿಸಲು ಮುಖ್ಯ ಕಾರಣಗಳಲ್ಲಿ ಇದೂ ಒಂದು.

ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೈಪೋಲಾರ್ ಇರುವವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಚಿಕಿತ್ಸೆ ಸಿಕ್ಕವರೂ ವೈದ್ಯರ ಮುಂದೆ ಕೂರುವುದು ತಿಂಗಳಿಗೊಮ್ಮೆ ಕೆಲವೇ ನಿಮಿಷ. ಉಳಿದ ದಿನವೆಲ್ಲ ನೋಡಿಕೊಳ್ಳುವವರು ತಾಯಿ, ಹೆಂಡತಿ, ಅಣ್ಣ ತಮ್ಮಂದಿರು. ಸಂಖ ಮತ್ತು ಸುತ್ತಲಿನ ಹಳ್ಳಿಗಳಿಂದ ಮಿರಜ, ಸಾಂಗಲಿ, ವಿಜಯಪುರ ಅಥವಾ ಸೊಲ್ಲಾಪುರಕ್ಕೆ ಹೋಗಿ ಬರುವ ಕುಟುಂಬಗಳಿಗೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ಬೀಳುತ್ತವೆ. ಆದ್ದರಿಂದ ಆ ಒಂದು ಭೇಟಿಯಲ್ಲಿ ಗುಳಿಗೆ ಚೀಟಿಯ ಜೊತೆಗೆ ಆರೈಕೆಯ ತಿಳಿವಳಿಕೆಯನ್ನೂ ಕೇಳಿ ಪಡೆಯಬೇಕು. ಅದನ್ನು ಕಲಿಸುವುದು ನರ್ಸ್‌ಗಳ ಕೆಲಸದ ಭಾಗವೇ ಆಗಿದೆ.

ಬೆಂಗಳೂರಿನಲ್ಲಿ ಕಂಡುಕೊಂಡದ್ದು

ಮನೆಯವರನ್ನು ಚಿಕಿತ್ಸೆಯೊಳಗೆ ತರುವುದು ನಮ್ಮ ದೇಶಕ್ಕೆ ಹೊಸದಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಅವರು ಮನೆಯವರ ಮೇಲೆ ಬೀಳುವ ಹೊರೆಯನ್ನು ಅಳೆಯುವ ಪ್ರಶ್ನಾವಳಿಯನ್ನು ಸಿದ್ಧಪಡಿಸಿ 1981ರಲ್ಲಿ ಪ್ರಕಟಿಸಿದರು. ಹಣದ ಹೊರೆ, ದಿನದ ಕೆಲಸಕ್ಕೆ ಅಡ್ಡಿ, ಬಿಡುವಿಗೆ ಅಡ್ಡಿ, ಮನೆಮಂದಿಯ ಸಂಬಂಧ, ಉಳಿದವರ ದೇಹದ ಆರೋಗ್ಯ, ಉಳಿದವರ ಮನಸ್ಸಿನ ಆರೋಗ್ಯ ಎಂಬ ಆರು ಭಾಗ ಅದರಲ್ಲಿವೆ. ಇಂದಿಗೂ ದೇಶದಲ್ಲಿ ಅದನ್ನು ಬಳಸುತ್ತಾರೆ.

ಅವರೇ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಸ್ಕಿಝೋಫ್ರೇನಿಯಾ ಇದ್ದ ಒಂದು ಗುಂಪಿಗೆ ಆಸ್ಪತ್ರೆಯಲ್ಲಿ, ಇನ್ನೊಂದು ಗುಂಪಿಗೆ ನರ್ಸ್ ಮನೆಗೆ ಭೇಟಿ ಕೊಡುವ ಮೂಲಕ ಚಿಕಿತ್ಸೆ ನಡೆಯಿತು. ಮನೆಯಲ್ಲೇ ಇದ್ದವರ ಸ್ಥಿತಿ ಹೆಚ್ಚು ಸುಧಾರಿಸಿತು, ಮನೆಯವರ ಹೊರೆ ಇಳಿಯಿತು, ಖರ್ಚೂ ಕಡಿಮೆಯಾಯಿತು. ಕಾಯಿಲೆ ಬೇರೆ ಇರಬಹುದು, ಪಾಠ ಮಾತ್ರ ಬೈಪೋಲಾರ್‌ಗೂ ಹೊಂದುತ್ತದೆ: ಗೊತ್ತಿರುವ ಒಬ್ಬ ನರ್ಸ್ ಜೊತೆಗಿದ್ದರೆ ಮನೆಯವರು ಬಹಳಷ್ಟು ನಿಭಾಯಿಸಬಲ್ಲರು.

ನಿದ್ದೆಯ ಲೆಕ್ಕ ಬರೆದಿಡಿ

ಉನ್ಮಾದ ಬರುವ ಮೊದಲು ಹೆಚ್ಚಿನವರಲ್ಲಿ ನಿದ್ದೆ ಕಡಿಮೆಯಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರು ಸಂಗತಿ ಬರೆಯಿರಿ: ಎಷ್ಟು ತಾಸು ಮಲಗಿದರು, ಗುಳಿಗೆ ತೆಗೆದುಕೊಂಡರೋ ಇಲ್ಲವೋ, ಮನಸ್ಸು ಹೇಗಿತ್ತು. ಸಾಮಾನ್ಯ ದಿನಕ್ಕೆ 0, ಏರಿದರೆ +1, +2, ಇಳಿದರೆ -1, -2 ಎಂದು ಹಾಕಿದರೆ ಸಾಕು. ನಮ್ಮ ಕಡೆಯವರಿಗೆ ಇದರಿಂದ ಇನ್ನೊಂದು ಲಾಭವಿದೆ. ಮನೆಯ ಮಾತು ಕನ್ನಡ, ಆಸ್ಪತ್ರೆಯ ಮಾತು ಮರಾಠಿ ಆದಾಗ ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಅಂಕಿಗಳಿಗೆ ಆ ತೊಂದರೆ ಇಲ್ಲ.

ಎರಡು ಮೂರು ರಾತ್ರಿ ಸತತವಾಗಿ ನಿದ್ದೆ ಕಡಿಮೆಯಾದರೆ ಮುಂದಿನ ತಾರೀಖಿನವರೆಗೆ ಕಾಯದೆ ಆಸ್ಪತ್ರೆಗೆ ತಿಳಿಸಿ. ನಿದ್ದೆಗೆಡುವುದರಿಂದಲೇ ಉನ್ಮಾದ ಶುರುವಾಗುವುದೂ ಉಂಟು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ, ಮದುವೆಗೆ ಧಾರಾಳವಾಗಿ ಕರೆದೊಯ್ಯಿರಿ. ರಾತ್ರಿಯಿಡೀ ಭಜನೆಗೆ ಕೂರುವುದನ್ನು ಮಾತ್ರ ತಪ್ಪಿಸಿ, ಹೊತ್ತಿಗೆ ಸರಿಯಾಗಿ ಮಲಗಲು ಜಾಗ ಮಾಡಿಕೊಡಿ. ಕಬ್ಬು ಕಡಿಯಲು ಗುಳೆ ಹೋಗುವವರು ಹೊರಡುವ ಮೊದಲೇ ಸಾಕಾಗುವಷ್ಟು ಗುಳಿಗೆಗೆ ಏರ್ಪಾಡು ಮಾಡಿಕೊಳ್ಳಬೇಕು.

ಖಿನ್ನತೆಯಲ್ಲಿರುವಾಗ ಹೊಸ ವೈದ್ಯರ ಬಳಿ ಹೋದರೆ, ಹಿಂದೆ ಉನ್ಮಾದ ಬಂದಿತ್ತು ಎಂಬುದನ್ನು ತಪ್ಪದೆ ಹೇಳಿ. ಬರೀ ಖಿನ್ನತೆಯ ಔಷಧ ಕೊಟ್ಟರೆ ಕೆಲವರಲ್ಲಿ ಉನ್ಮಾದ ಏಳುತ್ತದೆ.

ಲಿಥಿಯಂ ಮತ್ತು ನಮ್ಮ ಬೇಸಿಗೆ

1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಕೊಟ್ಟು ಅದರ ಗುಣವನ್ನು ಪ್ರಕಟಿಸಿದರು. ಇಂದಿಗೂ ಇದು ಮುಖ್ಯ ಔಷಧ. ಆದರೆ ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ವಿಷವಾಗುತ್ತದೆ. ಅದಕ್ಕಾಗಿ ಆಗಾಗ ರಕ್ತ ಪರೀಕ್ಷೆ ಬೇಕು, ಕೊನೆಯ ಗುಳಿಗೆ ತೆಗೆದುಕೊಂಡು 12 ತಾಸಾದ ಮೇಲೆ ರಕ್ತ ಕೊಡಬೇಕು. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಬೇಕು.

ಜತ್ತ ತಾಲ್ಲೂಕಿನ ಬಿಸಿಲಿನಲ್ಲಿ ದ್ರಾಕ್ಷಿ, ದಾಳಿಂಬೆ ತೋಟದ ಕೆಲಸ ಮಾಡುವಾಗ ಬೆವರು ಸುರಿದು ಮೈಯ ನೀರು, ಉಪ್ಪು ಹೋದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ವಾಂತಿ ಭೇದಿ ಆದಾಗಲೂ ಹಾಗೆಯೇ. ನೀರು ಚೆನ್ನಾಗಿ ಕುಡಿಯಬೇಕು. ಊಟದಲ್ಲಿ ಉಪ್ಪನ್ನು ಏಕಾಏಕಿ ಬಿಡಬಾರದು, ನೀರೂ ಕುಡಿಯದ ಕಟ್ಟುನಿಟ್ಟಿನ ಉಪವಾಸ ಬೇಡ. ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ಗುಳಿಗೆಗಳೂ ಲಿಥಿಯಂ ಏರಿಸುತ್ತವೆ, ವೈದ್ಯರನ್ನು ಕೇಳದೆ ಕೊಡಬೇಡಿ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ಮಾತು ತೊದಲುವುದು, ನಡಿಗೆ ಓಲಾಡುವುದು ಕಂಡರೆ ಮುಂದಿನ ಗುಳಿಗೆ ಕೊಡುವ ಮೊದಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ವ್ಯಾಲ್ಪ್ರೊಯೇಟ್ ಎಂಬ ಔಷಧ ಗರ್ಭದ ಮಗುವಿಗೆ ಹಾನಿ ಮಾಡಬಹುದು. ಮಗು ಬಯಸುವ ಹೆಣ್ಣುಮಕ್ಕಳು ಈ ಮಾತನ್ನು ಮೊದಲೇ ವೈದ್ಯರ ಹತ್ತಿರ ಎತ್ತಬೇಕು. ತಾವಾಗಿಯೇ ಗುಳಿಗೆ ನಿಲ್ಲಿಸಬಾರದು.

ಏರಿದಾಗ, ಇಳಿದಾಗ

ಉನ್ಮಾದದಲ್ಲಿರುವವರ ಜೊತೆ ವಾದ ಮಾಡಿ ಗೆಲ್ಲಲಾಗದು. ದನಿ ತಗ್ಗಿಸಿ, ಚಿಕ್ಕ ಮಾತಿನಲ್ಲಿ, ಒಬ್ಬರೇ ಮಾತಾಡಿ. ಹಣ, ಹೊಲದ ಕಾಗದಪತ್ರ, ಬೈಕಿನ ಕೀಲಿ ಯಾರ ಬಳಿ ಇರಬೇಕು ಎಂಬುದನ್ನು ಅವರು ಆರಾಮಾಗಿರುವಾಗಲೇ ಅವರೊಂದಿಗೆ ಕೂತು ಗೊತ್ತುಮಾಡಿ. ಖಿನ್ನತೆಯಲ್ಲಿ ಸಾಯುವ ಮಾತಾಡಿದರೆ ಹಗುರವಾಗಿ ತಗೊಳ್ಳಬೇಡಿ. ‘ಸಾಯಬೇಕು ಅನಸ್ತೈತೇನು?’ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬೆಳೆಗೆ ಹೊಡೆಯುವ ಔಷಧವನ್ನು ಮನೆಯಿಂದ ಹೊರಗೆ, ಬೀಗ ಹಾಕಿ ಇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೂರ್ತಿ ನಿಷೇಧಿಸಿದೆ. ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಹಕ್ಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ನೋಡಿಕೊಳ್ಳುವವರನ್ನು ನೋಡುವವರಾರು?

ವರ್ಷಗಟ್ಟಲೆ ನಿದ್ದೆಗೆಟ್ಟು, ಊರವರ ಮಾತು ಕೇಳಿ, ತನ್ನ ಬಿಪಿ ಶುಗರ್ ಮರೆತ ತಾಯಿ ಅಥವಾ ಹೆಂಡತಿ ಯಾವುದೋ ಒಂದು ದಿನ ಕುಸಿಯುತ್ತಾಳೆ. ಆರೈಕೆ ಒಬ್ಬರ ತಲೆಯ ಮೇಲೇ ಇರಬಾರದು. ವಾರದಲ್ಲಿ ಒಂದೆರಡು ದಿನ ಇನ್ನೊಬ್ಬರು ವಹಿಸಿಕೊಳ್ಳಲಿ. ‘ನಿಮ್ಮ ನಿದ್ದಿ ಹೆಂಗೈತ್ರಿ?’ ಎಂದು ನರ್ಸ್ ಕೇಳದಿದ್ದರೆ ನೀವೇ ಹೇಳಿ.

14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ದಿನದ 24 ತಾಸೂ ಉಚಿತವಾಗಿ ಸಿಗುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆ ಕನ್ನಡ, ಮರಾಠಿ ಎರಡರಲ್ಲೂ ಇದೆ. ಮನೆಯವರೂ ತಮ್ಮ ದಣಿವು ಹೇಳಿಕೊಳ್ಳಲು ಕರೆ ಮಾಡಬಹುದು.

ಮುಂದಿನ ಭೇಟಿಗೆ ಈ ಐದು ಪ್ರಶ್ನೆ ಬರೆದುಕೊಂಡು ಹೋಗಿ:

1. ಈ ಗುಳಿಗೆ ಎಷ್ಟು ಕಾಲ ಬೇಕು? ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು?
2. ರಕ್ತ ಪರೀಕ್ಷೆ ಮತ್ತೆ ಯಾವಾಗ?
3. ಇದರ ಜೊತೆ ಯಾವ ಔಷಧ ಕೊಡಬಾರದು?
4. ಯಾವ ಲಕ್ಷಣ ಕಂಡರೆ ತಾರೀಖಿಗೆ ಕಾಯದೆ ಬರಬೇಕು?
5. ನಡುವೆ ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು?

ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯರಿಗೂ ಇದನ್ನು ಓದಿ ಹೇಳಿ. ಮನೆ ಮನೆಗೆ ಹೋಗುವವರು ಅವರೇ.