ನಿಂತ ಕಾರು ಎಷ್ಟು ದೂರ ಹೋಗುತ್ತದೆ?

ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಗುಣಿಸಿ ನೋಡಿ: 12.5 ಚದರ ಮೀಟರ್. ಒಂದು ಕಾರು ಅಲುಗಾಡದೆ ನಿಲ್ಲಲು ಬೇಕಾದ ಜಾಗ ಇಷ್ಟೇ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಊರಿನಲ್ಲಿ ಈ ಜಾಗವನ್ನು ಟೇಪು ಹಿಡಿದು ಅಳೆಯುವವರಿಲ್ಲ. ಮರದ ನೆರಳು ಕಂಡಲ್ಲಿ ನಿಲ್ಲಿಸಿದರೆ ಮುಗಿಯಿತು. ಆದರೆ ಇದೇ ಅಂಗೈಯಗಲದ ಜಾಗಕ್ಕಾಗಿ ನಗರಗಳು ನಿಯಮದ ಮೇಲೆ ನಿಯಮ ಬರೆಯುತ್ತಿವೆ, ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತಿವೆ. ಯಾಕೆಂದು ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು. ಹಾಕಿದರೆ ತಲೆ ತಿರುಗುತ್ತದೆ.

ಮೊದಲು ಈ 12.5ನ್ನೇ ತೆಗೆದುಕೊಳ್ಳಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಬಡವರಿಗೆ ಕಟ್ಟಿಕೊಡುವ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. ಅಂದರೆ ಎರಡು ಕಾರು ಒತ್ತಾಗಿ ನಿಂತ ಜಾಗದಲ್ಲಿ ಒಂದು ಸಂಸಾರ! ಅದೂ ಗೆರೆ ಎಳೆದ ಚೌಕದೊಳಗೆ ಕಾರು ಸುಮ್ಮನೆ ನಿಂತಿದ್ದರೆ ಮಾತ್ರ. ಅದು ಒಳಗೆ ಬರಬೇಕು, ತಿರುಗಬೇಕು, ಹೊರಗೆ ಹೋಗಬೇಕು. ಹಾಗಾಗಿ ದೆಹಲಿಯ ಮಾಸ್ಟರ್ ಪ್ಲಾನ್ ಬಯಲಿನಲ್ಲಿ ಕಾರೊಂದಕ್ಕೆ 23 ಚದರ ಮೀಟರ್ ಲೆಕ್ಕ ಹಿಡಿಯುತ್ತದೆ, ನೆಲಮಾಳಿಗೆಯಲ್ಲಾದರೆ 32. ಒಂದು ಕುಟುಂಬ ಉಂಡು ಮಲಗುವ ಮನೆಗಿಂತ, ಒಂದು ಕಾರು ಮಲಗುವ ನೆಲಮಾಳಿಗೆ 7 ಚದರ ಮೀಟರ್ ದೊಡ್ಡದು.

ಮಲಗುತ್ತದೆ ಎಂದದ್ದು ಬರಿಯ ಮಾತಿಗಲ್ಲ. ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಜೀವಮಾನವಿಡೀ ಪಾರ್ಕಿಂಗನ್ನೇ ಅಭ್ಯಾಸ ಮಾಡಿದವರು. ಸರಾಸರಿ ಕಾರು ತನ್ನ ಆಯುಸ್ಸಿನ ನೂರಕ್ಕೆ 95 ಪಾಲನ್ನು ನಿಂತೇ ಕಳೆಯುತ್ತದೆ ಎಂಬ ಲೆಕ್ಕ ಜನಜನಿತವಾದದ್ದು ಅವರಿಂದ. ಬಿಡಿಸಿ ನೋಡಿ. ದಿನದ 24 ಗಂಟೆಯಲ್ಲಿ ಓಟ 1 ಗಂಟೆ 12 ನಿಮಿಷ, ನಿಲುಗಡೆ 22 ಗಂಟೆ 48 ನಿಮಿಷ. ವರ್ಷದಲ್ಲಿ ಓಟ 18 ದಿನ, ನಿಲುಗಡೆ 347 ದಿನ. ಹದಿನೈದು ವರ್ಷ ಬಾಳಿದ ಕಾರು ನಿಜವಾಗಿ ಓಡಿದ್ದು 9 ತಿಂಗಳು. ಉಳಿದ 14 ವರ್ಷ 3 ತಿಂಗಳು ಯಾರದ್ದೋ ಗೇಟಿನ ಮುಂದೆ ತಪಸ್ಸು. ಓಡುವುದಕ್ಕೆಂದು ಸಾಲ ಮಾಡಿ ಕೊಂಡ ವಸ್ತು ಇದು!

ಯಾರದ್ದೋ ಗೇಟು ಎಂದರೆ ಬೆಂಗಳೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ ನೋಡಿ. ಗೇಟಿಗೆ ತಂತಿಯಲ್ಲಿ ಬಿಗಿದ ತಗಡಿನ ಬೋರ್ಡು, ಮೇಲೆ ಯಾವುದೋ ಟ್ಯೂಷನ್ನಿನ ಜಾಹೀರಾತು, ಕೆಳಗೆ ‘ನೋ ಪಾರ್ಕಿಂಗ್’. ಅದರ ಪಕ್ಕದಲ್ಲೇ ಪೇಂಟಿನಲ್ಲಿ ಕೈಬರಹ: ‘ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು’. ಅದೂ ಸಾಲದೆಂದು ರಸ್ತೆಯ ಅಂಚಿಗೆ ಎರಡು ಹೂಕುಂಡ, ಸಿಮೆಂಟ್ ತುಂಬಿದ ಒಂದು ಹಳೇ ಪೇಂಟ್ ಡಬ್ಬ. ಯಾವ ಕಾಯ್ದೆಪುಸ್ತಕದಲ್ಲೂ ಇಲ್ಲದ ಈ ನಿಯಮಗಳು ಹುಟ್ಟಿದ್ದು ಅಡಿಗಳ ಲೆಕ್ಕದಿಂದ. ಇಪ್ಪತ್ತು ಅಡಿ ರಸ್ತೆಯ ಎರಡೂ ಬದಿಗೆ ಎರಡೂವರೆ ಮೀಟರಿನ ಪಟ್ಟೆ ಎಳೆದರೆ 16.4 ಅಡಿ ಅಲ್ಲಿಗೇ ಖರ್ಚು. ನಡುವೆ ಉಳಿಯುವುದು 3.6 ಅಡಿ. ಒಂದು ಹಸು ನೆಟ್ಟಗೆ ನಡೆದರೆ ದಾಟೀತು. ಅಗ್ನಿಶಾಮಕ ದಳದ ಗಾಡಿ ಬೀದಿಯ ತಿರುವಿನಲ್ಲೇ ನಿಂತು ಗಂಟೆ ಬಾರಿಸಬೇಕು.

ಅದಕ್ಕೇ ಪೇಟೆ ಬೀದಿಗಳಲ್ಲಿ ಬಂದದ್ದು ಸಮ–ಬೆಸ ನಿಯಮ. ಬೆಸ ತಾರೀಖಿಗೆ ಈ ಬದಿ, ಸಮ ತಾರೀಖಿಗೆ ಆ ಬದಿ. ಕೇಳಲು ಎಷ್ಟು ನ್ಯಾಯ! ಆದರೆ ಕ್ಯಾಲೆಂಡರ್ ತೆಗೆದು ಎಣಿಸಿ. ಏಳು ತಿಂಗಳು 31ಕ್ಕೆ ಮುಗಿಯುತ್ತವೆ, ಮರುದಿನ 1. ಎರಡೂ ಬೆಸ. ಹೀಗೆ ವರ್ಷಕ್ಕೆ ಬೆಸ ತಾರೀಖು 186, ಸಮ ತಾರೀಖು 179. ಬೆಸ ಬದಿಯ ಅಂಗಡಿಯವನ ಮುಂದೆ ವರ್ಷಕ್ಕೆ 7 ದಿನ ಹೆಚ್ಚು ಗಾಡಿ. ಅಧಿಕ ವರ್ಷ ಬಂದರೆ ಫೆಬ್ರುವರಿ 29 ಕೂಡ ಬೆಸದ ಖಾತೆಗೇ ಜಮಾ, ಅಲ್ಲಿಗೆ 8. ತಾತ, ಮಗ, ಮೊಮ್ಮಗ ಮೂವರೂ ಅದೇ ಅಂಗಡಿ ನಡೆಸಿ ನೂರು ವರ್ಷ ಕಳೆದರೆಂದುಕೊಳ್ಳಿ, ಎದುರು ಬದಿಯವರಿಗಿಂತ ಹೆಚ್ಚಾಗಿ ಸುಮಾರು 725 ದಿನ ಅವರ ಬಾಗಿಲ ಮುಂದೆ ಕಾರು ನಿಂತಿರುತ್ತದೆ. ಸರಿಸುಮಾರು ಎರಡು ವರ್ಷ!

ಇದೆಲ್ಲ ಒಂದು ಬೀದಿಯ ಮಾತು. ಈಗ ಊರಿನದು. ಬೆಂಗಳೂರಿನ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಬಹುಪಾಲು ಬೈಕು, ಸ್ಕೂಟರು. ಅವನ್ನೆಲ್ಲ ಬಿಟ್ಟುಬಿಡೋಣ, ಪಾಪ. ಕಾರುಗಳನ್ನಷ್ಟೇ ಎಣಿಸೋಣ: 20 ಲಕ್ಷದ ಮೇಲೆ. ಲೆಕ್ಕಕ್ಕೆ ಸುಲಭವಾಗಲೆಂದು 20 ಲಕ್ಷಕ್ಕೇ ನಿಲ್ಲಿಸಿ, ಬಾನೆಟ್ಟಿಗೆ ಡಿಕ್ಕಿ ತಾಗುವಂತೆ ಒತ್ತೊತ್ತಾಗಿ ಜೋಡಿಸಿದರೆ 25 ಚದರ ಕಿಲೋಮೀಟರ್, ಅಂದರೆ 6,100 ಎಕರೆಗೂ ಹೆಚ್ಚು. ಲಾಲ್‌ಬಾಗ್ 240 ಎಕರೆ. ಒಂದು ಮರ, ಒಂದು ಹೂವು, ಒಂದು ಬೆಂಚು ಉಳಿಸದೆ 25 ಲಾಲ್‌ಬಾಗ್ ಭರ್ತಿ. ಕುಣಿಗಲ್ಲಿನವರಿಗೆ ಅವರ ಕುದುರೆ ಫಾರಂ ಲೆಕ್ಕದಲ್ಲೇ ಹೇಳುವುದಾದರೆ, ಹೈದರ್–ಟಿಪ್ಪು ಕಾಲದಿಂದ ಕುದುರೆ ಓಡಿದ ಸುಮಾರು 400 ಎಕರೆಯ ಆ ಹುಲ್ಲುಗಾವಲಿಗೆ ಹಿಡಿಸುವುದು 1 ಲಕ್ಷ 30 ಸಾವಿರ ಕಾರು. ಬೆಂಗಳೂರಿನ ಕಾರಿಗೆ ಅಂಥವು 15 ಫಾರಂ ಬೇಕು. ಹದಿನೈದೂ ತುಂಬಿದ ಮೇಲೂ ಐವತ್ತು ಸಾವಿರ ಕಾರು ಗೇಟಿನಾಚೆ ಹಾರನ್ ಹೊಡೆಯುತ್ತಿರುತ್ತವೆ.

ಜಾಗ ಸಾಲದಿದ್ದರೆ ರಸ್ತೆಯ ಬದಿ ಇದೆಯಲ್ಲ ಅನ್ನಬಹುದು. ಕುಣಿಗಲ್‌ನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಒಂದು ಬದಿಗೆ 14,000 ಕಾರು, ಎರಡೂ ಬದಿಗೆ 28,000. ಎಲ್ಲವೂ ನಿಲ್ಲಬೇಕಾದರೆ ಕುಣಿಗಲ್–ಬೆಂಗಳೂರು ನಡುವೆ ಅಂಥ 72 ಹೆದ್ದಾರಿ ಹಾಕಿಸಬೇಕು. ಒಂದೇ ಸಾಲಿನಲ್ಲಿ ನಿಲ್ಲಿಸಿದರೆ? ಇಪ್ಪತ್ತು ಲಕ್ಷ ಸಲ ಐದು ಮೀಟರ್, 10,000 ಕಿಲೋಮೀಟರ್. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ದೇಶದ ಅತಿ ಉದ್ದದ ಹೆದ್ದಾರಿ 4,112 ಕಿಲೋಮೀಟರ್. ಹೋಗಿ, ಬಂದು, ಮತ್ತೆ ಹೊರಟು ದಾರಿ ಸವೆಸುವಷ್ಟು. ಭೂಮಧ್ಯರೇಖೆಯಿಂದ ಉತ್ತರ ಧ್ರುವಕ್ಕೆ ಇರುವ ದೂರವೂ ಹತ್ತು ಸಾವಿರ ಕಿಲೋಮೀಟರೇ. ಒಂದೂ ಕಾರು ಸ್ಟಾರ್ಟ್ ಆಗದೆ, ಒಂದು ತೊಟ್ಟು ಪೆಟ್ರೋಲು ಸುಡದೆ, ಬೆಂಗಳೂರು ಧ್ರುವ ಮುಟ್ಟಿತು!

ತೂಕ ನೋಡುತ್ತೀರಾ? ಮೈಸೂರು ದಸರೆಯಲ್ಲಿ ಆನೆ ಹೊರುವ ಅಂಬಾರಿ 750 ಕಿಲೋ. ಒಂದು ಪುಟ್ಟ ಕಾರೂ ಹತ್ತಿರ ಹತ್ತಿರ ಅಷ್ಟೇ ತೂಗುತ್ತದೆ, ಒಳಗೆ ಕೂರುವವರೂ ಹೆಚ್ಚಿನ ಹೊತ್ತು ಒಬ್ಬರೇ. ದೊಡ್ಡದು ಚಿಕ್ಕದು ಸೇರಿ ಸರಾಸರಿ ಒಂದು ಟನ್ ಹಿಡಿದರೆ 20 ಲಕ್ಷ ಟನ್. ಐದು ಟನ್ನಿನ ಗಂಡಾನೆಗಳ ಲೆಕ್ಕದಲ್ಲಿ 4 ಲಕ್ಷ ಆನೆ. ಕರ್ನಾಟಕದ ಕಾಡುಗಳಲ್ಲಿ 2023ರ ಗಣತಿಗೆ ಸಿಕ್ಕ ಆನೆಗಳು 6,395. ಅದರ 62 ಪಟ್ಟು ಆನೆಹಿಂಡು ಬೆಂಗಳೂರಿನ ಬೀದಿಗಳಲ್ಲಿ ಗೋಡೆಗೆ ಒರಗಿ ನಿಂತಿದೆ.

ಕಾಲದ ಲೆಕ್ಕ ಇನ್ನೂ ವಿಚಿತ್ರ. 20 ಲಕ್ಷ ಕಾರು, ದಿನಕ್ಕೆ 22 ಗಂಟೆ 48 ನಿಮಿಷ. ಕೂಡಿಸಿದರೆ 4 ಕೋಟಿ 56 ಲಕ್ಷ ಗಂಟೆ. ವರ್ಷಕ್ಕೆ ಇಳಿಸಿದರೆ 5,200 ವರ್ಷ! ಕನ್ನಡದ ಹಲ್ಮಿಡಿ ಶಾಸನಕ್ಕೆ ವಯಸ್ಸು ಸುಮಾರು 1,570. ಅದರ ಮೂರು ಪಟ್ಟಿಗೂ ಹೆಚ್ಚು. ಗೀಜಾದ ಮಹಾ ಪಿರಮಿಡ್ ಕಟ್ಟಿ ಆಗಿದ್ದು ಸುಮಾರು 4,600 ವರ್ಷ. ಈಜಿಪ್ಟಿನವರು ಅದಕ್ಕೆ ಮೊದಲ ಕಲ್ಲು ಇಡುವ ಮುಂಚಿನಿಂದ ಇಲ್ಲಿಯವರೆಗೆ ಹರಿದುಬಂದ ಕಾಲವನ್ನು ಬೆಂಗಳೂರಿನ ಕಾರುಗಳು ಒಂದೇ ದಿನದಲ್ಲಿ ನಿಂತು ಮುಗಿಸುತ್ತವೆ. ನಾಳೆ ಮತ್ತೆ 5,200.

ಇಷ್ಟು ಹೊತ್ತು ನಿಂತದ್ದಕ್ಕೆ ಬಾಡಿಗೆ ಎಷ್ಟು? ಬೆಂಗಳೂರಿಗೆಂದು 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿ 2.0 ವಸತಿ ಬಡಾವಣೆಗಳಿಗೆ ಪರ್ಮಿಟ್ ಪದ್ಧತಿ ಸೂಚಿಸಿತು. ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ ಚಿಕ್ಕ ಕಾರಿಗೆ 1,000 ರೂಪಾಯಿ, ದೊಡ್ಡ ಎಸ್‌ಯುವಿಗೆ 5,000. ಅಯ್ಯೋ, ಐದು ಸಾವಿರವೇ ಎಂದು ಊರೆಲ್ಲ ಗುಲ್ಲು. ಭಾಗಿಸಿ ನೋಡಿ: ದಿನಕ್ಕೆ 13 ರೂಪಾಯಿ 70 ಪೈಸೆ. ಚಿಕ್ಕ ಕಾರಿಗಾದರೆ ದಿನಕ್ಕೆ 2 ರೂಪಾಯಿ 74 ಪೈಸೆ, ಗಂಟೆಗೆ 11 ಪೈಸೆ. ಹನ್ನೊಂದು ಪೈಸೆ ಕೊಡೋಣವೆಂದರೆ ಅಂಥ ನಾಣ್ಯವೇ ಚಲಾವಣೆಯಲ್ಲಿಲ್ಲ.

ಇನ್ನು ಹಾಂಗ್‌ಕಾಂಗಿಗೆ ಬನ್ನಿ. 2021ರಲ್ಲಿ ಅಲ್ಲಿನ ಬೆಟ್ಟದ ಮೇಲಿನ ಒಂದು ವಸತಿ ಸಮುಚ್ಚಯದಲ್ಲಿ ಒಂದೇ ಒಂದು ಕಾರಿನ ಜಾಗ ಮಾರಾಟವಾಯಿತು. ಅಳತೆ 134.5 ಚದರ ಅಡಿ, ಅಂದರೆ ಅದೇ ನಮ್ಮ 12.5 ಚದರ ಮೀಟರ್. ಬೆಲೆ ಸುಮಾರು 13 ಲಕ್ಷ ಅಮೆರಿಕನ್ ಡಾಲರ್. ನಮ್ಮ ದುಡ್ಡಿನಲ್ಲಿ ಆಗಲೇ 9 ಕೋಟಿ ದಾಟಿತ್ತು. ಗೋಡೆಯಿಲ್ಲ, ಕಿಟಕಿಯಿಲ್ಲ, ನೆಲದ ಮೇಲೆ ನಾಲ್ಕು ಗೆರೆ. ಆ ದುಡ್ಡು ಬೆಂಗಳೂರಿನಲ್ಲಿ ಎಸ್‌ಯುವಿ ಪರ್ಮಿಟ್ಟಿಗೆ ಕಟ್ಟಿದರೆ 18,000 ವರ್ಷ ನಡೆಯುತ್ತದೆ. ಚಿಕ್ಕ ಕಾರಿಗೆ ಕಟ್ಟಿದರೆ 90,000 ವರ್ಷ.

ರಸ್ತೆ ಬೇಡ, ಕಟ್ಟಡವನ್ನೇ ಕಟ್ಟಿಬಿಡೋಣ ಎನ್ನುವವರೂ ಇದ್ದಾರೆ. 2024ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಬಹುಮಹಡಿ ಪಾರ್ಕಿಂಗ್ ಶುರುವಾಯಿತು. 556 ಕಾರು, 445 ದ್ವಿಚಕ್ರ, ಒಟ್ಟು 1,001. ಖರ್ಚು ಸುಮಾರು 80 ಕೋಟಿ ರೂಪಾಯಿ. ಸಮನಾಗಿ ಹಂಚಿದರೆ ಗಾಡಿಯೊಂದಕ್ಕೆ 8 ಲಕ್ಷ. ಒಂದು ಲಕ್ಷದ ಸ್ಕೂಟರು 8 ಲಕ್ಷದ ನೆಲದ ಮೇಲೆ ಸ್ಟ್ಯಾಂಡ್ ಹಾಕಿ ನಿಲ್ಲುತ್ತದೆ! ಊರಿನ ಎಲ್ಲ 20 ಲಕ್ಷ ಕಾರಿಗೂ ಹೀಗೇ ಮಹಡಿ ಕಟ್ಟಲು ಹೊರಟರೆ ಸುಮಾರು 3,600 ಫ್ರೀಡಂ ಪಾರ್ಕುಗಳು ಬೇಕು. ಬಿಲ್ಲು 2 ಲಕ್ಷ 88 ಸಾವಿರ ಕೋಟಿ. 2025–26ರ ಕರ್ನಾಟಕದ ಇಡೀ ಬಜೆಟ್ 4 ಲಕ್ಷ 9 ಸಾವಿರ ಕೋಟಿ. ರೂಪಾಯಿಗೆ ಎಪ್ಪತ್ತು ಪೈಸೆಯನ್ನು ಕಾರು ನಿಲ್ಲಿಸುವುದಕ್ಕೇ ಸುರಿದು, ಉಳಿದ ಮೂವತ್ತರಲ್ಲಿ ಶಾಲೆ, ಆಸ್ಪತ್ರೆ, ನೀರಾವರಿ, ಸಂಬಳ, ಪಿಂಚಣಿ.

ಕಟ್ಟದಿದ್ದರೆ ಹುಡುಕುತ್ತಾ ಸುತ್ತಬೇಕು. ಲಾಸ್ ಏಂಜಲಿಸ್‌ನ ವೆಸ್ಟ್‌ವುಡ್ ಎಂಬ ಪುಟ್ಟ ಪೇಟೆಯನ್ನು ಶೂಪ್ ಅಳೆದರು. ಬರೀ 15 ಬ್ಲಾಕು. ಜಾಗ ಸಿಗಲು ಒಬ್ಬೊಬ್ಬರಿಗೆ ಸರಾಸರಿ 3.3 ನಿಮಿಷ, ಸುತ್ತಿದ ದೂರ ಅರ್ಧ ಮೈಲಿ. ಇದೇನು ಮಹಾ? ವರ್ಷಕ್ಕೆ ಕೂಡಿಸಿದಾಗ 9 ಲಕ್ಷ 50 ಸಾವಿರ ಮೈಲಿ. ಹದಿನೈದು ಬ್ಲಾಕಿನೊಳಗೇ ಗಿರಕಿ ಹೊಡೆದು ಜನ ಭೂಮಿಯನ್ನು 38 ಸಲ ಸುತ್ತಿದ್ದರು. ಅದೇ ದೂರಕ್ಕೆ ಚಂದ್ರನಲ್ಲಿಗೆ ಹೋಗಿ ಬರುವುದನ್ನು ಎರಡು ಸಲ ಮಾಡಬಹುದು.

ಬೆಂಗಳೂರಿಗೆ ತೀರಾ ಉದಾರವಾಗಿಯೇ ಲೆಕ್ಕ ಹಾಕೋಣ. 20 ಲಕ್ಷದಲ್ಲಿ 19 ಲಕ್ಷ ಕಾರಿಗೆ ಹೋದ ಕೂಡಲೇ ಜಾಗ ಸಿಕ್ಕಿತು ಎಂದುಕೊಳ್ಳಿ. ಉಳಿದ 1 ಲಕ್ಷ ಮಾತ್ರ ದಿನಕ್ಕೊಂದು ಸಲ, ಬರೀ ಅರ್ಧ ಕಿಲೋಮೀಟರ್ ಸುತ್ತಲಿ. ದಿನಕ್ಕೆ 50,000 ಕಿಲೋಮೀಟರ್ ಆಯಿತು. ಭೂಮಿಯ ಸುತ್ತಳತೆಯೇ 40,000. ತಿಂಡಿಗೆ ಹೊರಟ ಊರು ರಾತ್ರಿ ಊಟದ ಹೊತ್ತಿಗೆ ಭೂಮಿ ಸುತ್ತಿ ಬಂದು ಇನ್ನೂ ಮುಂದಕ್ಕೆ ಹೋಗಿರುತ್ತದೆ. ಚಂದ್ರಯಾನ–3 ಜುಲೈ 14ಕ್ಕೆ ಹೊರಟು ಆಗಸ್ಟ್ 23ಕ್ಕೆ ಚಂದ್ರನ ಮೇಲೆ ಇಳಿಯಿತು, 40 ದಿನ. ಪಾರ್ಕಿಂಗ್ ಹುಡುಕುವ ಬೆಂಗಳೂರಿಗೆ ಚಂದ್ರ 8 ದಿನದ ದಾರಿ. ಇಳಿಯಲು ಅಲ್ಲಾದರೂ ಜಾಗ ಖಾಲಿ ಇದೆ.

ನಿಯಮಗಳ ಇತಿಹಾಸವೂ ಸಂಖ್ಯೆಗಳಲ್ಲೇ ಇದೆ. ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ನಿಂತದ್ದು 1935ರ ಜುಲೈ 16ರಂದು, ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ. ಗಂಟೆಗೆ 5 ಸೆಂಟ್. ನ್ಯೂಯಾರ್ಕ್ 1950ರಲ್ಲೇ ಬದಿ ಬದಲಿಸುವ ಪದ್ಧತಿ ತಂದಿತು. ಇಂದು ಆ ಒಂದು ನಗರದ ರಸ್ತೆಬದಿಯಲ್ಲೇ 30 ಲಕ್ಷ ಕಾರಿಗೆ ಜಾಗವಿದೆಯಂತೆ. ಜಪಾನ್ 1962ರ ಕಾಯ್ದೆಯಲ್ಲಿ ಕಾರು ನಿಲ್ಲಿಸಲು ಜಾಗ ತೋರಿಸುವುದನ್ನೇ ಕಡ್ಡಾಯ ಮಾಡಿತು. ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು. ಅಮೆರಿಕದಲ್ಲಿ ವಾಹನಗಳು ಸುಮಾರು 28 ಕೋಟಿ, ಪಾರ್ಕಿಂಗ್ ಜಾಗಗಳು ಕಡಿಮೆಯೆಂದರೂ 80 ಕೋಟಿ. 200 ಕೋಟಿ ಎನ್ನುವ ಅಂದಾಜೂ ಇದೆ. ಒಂದೊಂದು ಗಾಡಿಗೂ ಮೂರರಿಂದ ಏಳು ಹಾಸಿಗೆ!

ಕೊನೆಯದಾಗಿ ಇಡೀ ಜಗತ್ತು. ಭೂಮಿಯ ಮೇಲಿನ ಕಾರುಗಳು 100 ಕೋಟಿಗೆ ಕಡಿಮೆಯಿಲ್ಲ. ಎಲ್ಲವನ್ನೂ ಒಂದೆಡೆ ಒತ್ತಾಗಿ ನಿಲ್ಲಿಸಲು 12,500 ಚದರ ಕಿಲೋಮೀಟರ್ ಬೇಕು. ತುಮಕೂರು ಜಿಲ್ಲೆಯ ವಿಸ್ತೀರ್ಣ 10,597. ಪಾವಗಡದ ಬಂಡೆಯಿಂದ ತಿಪಟೂರಿನ ತೆಂಗಿನ ತೋಟದವರೆಗೆ, ದೇವರಾಯನದುರ್ಗದಿಂದ ಎಡೆಯೂರಿನವರೆಗೆ, ಗುಬ್ಬಿ, ಕುಣಿಗಲ್, ಕೊತ್ತಗೆರೆ ಎಲ್ಲವೂ ಕಾರಿನ ಅಡಿಗೆ. ಆಮೇಲೂ 1,900 ಚದರ ಕಿಲೋಮೀಟರಿನಷ್ಟು ಕಾರು ಮಿಕ್ಕುತ್ತದೆ. ಬೆಂಗಳೂರು ನಗರ ಜಿಲ್ಲೆಯ ಬಹುಪಾಲನ್ನು ಅದು ನುಂಗುತ್ತದೆ. ಇಷ್ಟಾದರೂ ಒಂದು ಬಾಗಿಲೂ ತೆರೆಯುವಂತಿಲ್ಲ, ಒಂದು ಕಾರೂ ಹೊರಗೆ ಬರುವಂತಿಲ್ಲ. ಬರಬೇಕಾದರೆ ತಲಾ 23 ಚದರ ಮೀಟರ್, ಒಟ್ಟು 23,000 ಚದರ ಕಿಲೋಮೀಟರ್. ತುಮಕೂರಿನ ಜೊತೆಗೆ ಹಾಸನವನ್ನೂ ಮಂಡ್ಯವನ್ನೂ ಸೇರಿಸಿ ಪೂರ್ತಿ ಟಾರು ಬಳಿದರೂ 600 ಚದರ ಕಿಲೋಮೀಟರ್ ಕೊರತೆ ಬೀಳುತ್ತದೆ. ಆಗಲೂ ಎರಡೂವರೆ ಕೋಟಿಗೂ ಹೆಚ್ಚು ಜನ ಮೈಸೂರು ಜಿಲ್ಲೆಯ ಗಡಿಯಲ್ಲಿ ಇಂಡಿಕೇಟರ್ ಹಾಕಿಕೊಂಡು, ‘ಸ್ವಾಮಿ, ನೀವು ತೆಗೀತಿದ್ದೀರಾ?’ ಎಂದು ಕೇಳುತ್ತಿರುತ್ತಾರೆ.