‘ಎಂದರೆ’ ಎಂಬ ಚಿಕ್ಕ ಮಾತು ಮತ್ತು ಕಲಿಯುವವರ ನಿಘಂಟು

ಭಾಷೆಯನ್ನು ಹೊಸದಾಗಿ ಕಲಿಯುವವರಿಗೆ ನಿಘಂಟು ಬರೆಯುವವನ ಮುಂದೆ ದೊಡ್ಡದೊಂದು ತೊಡಕಿರುತ್ತದೆ: ಗೊತ್ತಿಲ್ಲದ ಪದದ ಅರ್ಥವನ್ನು ಗೊತ್ತಿರುವ ಪದಗಳಲ್ಲೇ ಹೇಳಬೇಕು, ಆದರೆ ಓದುಗನಿಗೆ ಯಾವ ಪದಗಳು ಗೊತ್ತಿವೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನರ ಮಹಾನಿಘಂಟು ಈ ಚಿಂತೆಯನ್ನು ಇಟ್ಟುಕೊಂಡಿರಲಿಲ್ಲ. ‘ನೆಟ್‌ವರ್ಕ್’ ಎಂಬ ಸರಳ ಪದವನ್ನು ವಿವರಿಸಲು ಅದು ‘ರೆಟಿಕ್ಯುಲೇಟೆಡ್’, ‘ಡೆಕಸೇಟೆಡ್’, ‘ಇಂಟರ್‌ಸ್ಟಿಸಸ್’ ಎಂಬ ಮೂರು ಬೆಟ್ಟಗಳನ್ನು ಓದುಗನ ದಾರಿಯಲ್ಲಿ ನಿಲ್ಲಿಸಿತು. ಬಲೆಯನ್ನು ಕಣ್ಣಾರೆ ಕಂಡ ಮೀನುಗಾರನಿಗೂ ಆ ವಿವರಣೆಯಿಂದ ಬಲೆ ಗುರುತು ಸಿಗುವಂತಿರಲಿಲ್ಲ.

ಈ ತೊಡಕಿಗೆ ಲೆಕ್ಕಾಚಾರದ ಪರಿಹಾರ ಹುಡುಕಿದವರು ಮೈಕೆಲ್ ವೆಸ್ಟ್. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದು ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ಹತ್ತಿರದಿಂದ ಕಂಡಿದ್ದ ಅವರು, ಜೇಮ್ಸ್ ಎಂಡಿಕಟ್ ಅವರೊಡನೆ 1935ರಲ್ಲಿ ಹೊರತಂದ ನಿಘಂಟಿನಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳ ಅರ್ಥವನ್ನು ಕೇವಲ 1,490 ಪದಗಳೊಳಗೆ ಹೇಳಿ ಮುಗಿಸಿದರು. ಹೀಗೆ ಅರ್ಥ ಹೇಳಲೆಂದೇ ಆರಿಸಿಟ್ಟುಕೊಂಡ ಪದಗಳ ಗುಂಪನ್ನು ವಿವರಣಾ ಶಬ್ದಕೋಶ ಎನ್ನಬಹುದು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ ನಿಘಂಟು ಯುದ್ಧದ ನಡುವೆಯೇ, 1942ರಲ್ಲಿ, ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಮರುಮುದ್ರಿಸಿತು. ಇಂದು ವಿದ್ಯಾರ್ಥಿಗಳ ಮೇಜಿನ ಮೇಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಅದರ ವಂಶದ ಕುಡಿ.

ವೆಸ್ಟ್ ಅವರ ದಾರಿಯನ್ನೇ ಹಿಡಿದು 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳ ಪಟ್ಟಿಯನ್ನು ಪುಸ್ತಕದ ಕೊನೆಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿತು. ಪಟ್ಟಿಯಾಚೆಯ ಪದವೊಂದನ್ನು ಬಳಸಲೇಬೇಕಾದಾಗ ಅದನ್ನು ಬೇರೆ ಅಕ್ಷರವಿನ್ಯಾಸದಲ್ಲಿ ತೋರಿಸಿ ಓದುಗನನ್ನು ಎಚ್ಚರಿಸಿತು. ಇದು ಪ್ರಾಮಾಣಿಕ ವ್ಯವಹಾರ, ಮೆಚ್ಚತಕ್ಕದ್ದು. ಆದರೂ ಪದಗಳ ಎಣಿಕೆಯನ್ನು ಪೂರ್ತಿ ನಂಬುವಂತಿಲ್ಲ: ‘ಪುಟ್’, ‘ಅಪ್’, ‘ವಿತ್’ ಎಂಬ ಮೂರೂ ಒಂದನೆಯ ತರಗತಿಯ ಮಗುವಿಗೆ ಗೊತ್ತಿರುವ ಪದಗಳಾದರೂ ‘ಪುಟ್ ಅಪ್ ವಿತ್’ ಎಂದು ಒಟ್ಟಾದೊಡನೆ ಅವು ಸಹಿಸಿಕೊಳ್ಳುವುದೆಂಬ, ಮೂರರಲ್ಲಿ ಯಾವುದರೊಳಗೂ ಇಲ್ಲದ ಅರ್ಥವನ್ನು ಕೊಡುತ್ತವೆ. ಪದ ಸರಳವಾದ ಮಾತ್ರಕ್ಕೆ ವಿವರಣೆ ಸರಳವಾಗುವುದಿಲ್ಲ.

ನಿಜವಾದ ತಿರುವು ಬಂದದ್ದು ವಾಕ್ಯದ ರಚನೆಯಲ್ಲಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ, ಕಂಪ್ಯೂಟರಿನಲ್ಲಿ ಕೂಡಿಸಿದ ಅಪಾರ ಬಳಕೆಯ ಭಾಷೆಯನ್ನು ಆಧರಿಸಿ ರೂಪುಗೊಂಡು 1987ರಲ್ಲಿ ಹೊರಬಂದ ಕಾಲಿನ್ಸ್ ಕೋಬಿಲ್ಡ್ ನಿಘಂಟು, ಪದದ ಎದುರು ಅರ್ಥದ ತುಣುಕನ್ನಿಡುವ ಹಳೆಯ ಪದ್ಧತಿಯನ್ನು ಬಿಟ್ಟು, ಆ ಪದವನ್ನೇ ಒಳಗಿಟ್ಟುಕೊಂಡ ಪೂರ್ಣ ವಾಕ್ಯದಲ್ಲಿ ಅರ್ಥ ಹೇಳತೊಡಗಿತು. ಕ್ರಿಯಾಪದವಾದರೆ ವಾಕ್ಯ ಹೆಚ್ಚಾಗಿ ‘ಇಫ್ ಯು’ ಎಂದು, ಅಂದರೆ ‘ನೀವು ಹೀಗೆ ಮಾಡಿದರೆ’ ಎಂದು, ಆರಂಭವಾಗುತ್ತದೆ. ಮಾಡಬಹುದಾದ, ಮಾಡದೆಯೂ ಇರಬಹುದಾದ ಕೆಲಸಕ್ಕೆ ‘ಇಫ್’; ಸಹಜವಾಗಿ ನಡೆದೇ ನಡೆಯುವುದಕ್ಕೆ ‘ವೆನ್’. ಕುದುರೆಯ ‘ಗ್ಯಾಲಪ್’ ಎಂಬುದಕ್ಕೆ ಸಲ್ಲುವುದು ‘ವೆನ್’, ಏಕೆಂದರೆ ಹಾಗೆ ಓಡುವುದು ಕುದುರೆಯ ಹುಟ್ಟುಗುಣ. ಆ ಓಟದ ನಡುವೆ ನಾಲ್ಕು ಕಾಲೂ ಒಮ್ಮೆಗೇ ನೆಲ ಬಿಡುತ್ತವೆ. ಇದೇ ಓಟಕ್ಕೆ ಕನ್ನಡದಲ್ಲಿರುವ ‘ನಾಗಾಲೋಟ’ ಎಂಬ ಪದದಲ್ಲಿಯೂ ನಾಲ್ಕು ಕಾಲುಗಳು ಅಡಗಿವೆ: ನಾಲ್ಗಾಲು, ನಾಗಾಲು, ನಾಗಾಲೋಟ. ಪದ ತನ್ನ ವಿವರಣೆಯನ್ನು ತಾನೇ ಹೊತ್ತುಕೊಂಡು ತಿರುಗುವ ಇಂಥ ಉದಾಹರಣೆ ಅಪರೂಪ.

ಇಂಗ್ಲಿಷಿನ ನಿಘಂಟುಕಾರರು ಹೊಸದೆಂದು ತಂದ ಈ ‘ಇಫ್’ ಕನ್ನಡಿಗರ ನಾಲಿಗೆಯ ಮೇಲೆ ಹಳೆಯದು. ಯಾವ ಮಾತಿನ ಅರ್ಥ ಕೇಳಿದರೂ ಕನ್ನಡ ಬಲ್ಲವರು ‘ಎಂದರೆ’ ಎಂದೇ ಉತ್ತರ ಆರಂಭಿಸುತ್ತಾರೆ. ‘ಎನ್ನು’ ಧಾತುವಿನ ಪಕ್ಷಾರ್ಥಕ ರೂಪ, ಎಂದರೆ ‘ಹೀಗಾದಲ್ಲಿ ಹೀಗೆ’ ಎಂಬ ಷರತ್ತನ್ನು ಸೂಚಿಸುವ ರೂಪ, ಇದು. ಬಿಡಿಸಿ ನೋಡಿದರೆ ‘ಹೀಗೆ ಹೇಳಿದಲ್ಲಿ’ ಎಂದಾಗುತ್ತದೆ. ‘ಮುನಿಸು ಎಂದರೇನು?’ ಎಂದು ಮಗು ಕೇಳಿದಾಗ ಅಜ್ಜಿ ‘ಕೋಪ’ ಎಂಬ ಒಂದೇ ಪದ ಕೊಟ್ಟು ಸುಮ್ಮನಾಗುವುದಿಲ್ಲ. ‘ಮುನಿಸು ಎಂದರೆ, ನಿನಗೆ ಬೇಕಾದವರೇ ನಿನಗೆ ಬೇಸರ ಮಾಡಿದಾಗ ಮಾತು ಬಿಟ್ಟು ಕೂರುತ್ತೀಯಲ್ಲ, ಅದು’ ಎನ್ನುತ್ತಾಳೆ. ಯಾರು, ಯಾರ ಮೇಲೆ, ಯಾವಾಗ ಎಂಬ ಮೂರು ವಿಷಯಗಳೂ ಆ ವಾಕ್ಯದಲ್ಲಿ ಬಂದುಬಿಡುತ್ತವೆ. ಕೋಬಿಲ್ಡಿನ ವಿದ್ವಾಂಸರು ಸಾಧಿಸಲು ಹೊರಟದ್ದೂ ಇದನ್ನೇ.

ಹೀಗಿದ್ದೂ ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ ಬಹಳಷ್ಟು ಇನ್ನೂ ಪದಕ್ಕೆ ಪದವಿಡುವ ಹಾದಿಯಲ್ಲೇ ಇವೆ. ‘ಇವ್ಯಾಪೊರೇಷನ್’ ಎಂಬುದರ ಎದುರು ‘ಬಾಷ್ಪೀಭವನ’ ಎಂದಿದ್ದರೆ ಎಂಟನೆಯ ತರಗತಿಯ ವಿದ್ಯಾರ್ಥಿಗೆ ಒಂದು ಕಠಿಣ ಪದದ ಬದಲು ಎರಡು ದೊರೆಯುತ್ತವೆ. ‘ಒಗೆದ ಬಟ್ಟೆಯಲ್ಲಿರುವ ನೀರು ಕುದಿಯದೆಯೇ ಆವಿಯಾಗಿ ಗಾಳಿಗೆ ಸೇರಿ, ಬಟ್ಟೆ ಒಣಗುತ್ತದೆ, ನೀರು ಹೀಗೆ ಆವಿಯಾಗುವುದೇ ಇವ್ಯಾಪೊರೇಷನ್’ ಎಂದು ಬರೆದರೆ ಎರಡು ಸಾಲು ಹೆಚ್ಚಾಗಬಹುದು, ಅರ್ಥ ಮಾತ್ರ ಮನೆ ಸೇರುತ್ತದೆ. ಜಾಗದ ಅಭಾವವನ್ನು ಕಾರಣವಾಗಿ ಹೇಳುವುದು ವಾಡಿಕೆ. ಮೊಬೈಲಿನ ಪರದೆಯ ಮೇಲೆ ನಿಘಂಟು ನೋಡುವ ಈ ಕಾಲದಲ್ಲಿ ಆ ಕಾರಣಕ್ಕೆ ಬಲವಿಲ್ಲ.

ವಾಕ್ಯದಲ್ಲಿ ಅರ್ಥ ಹೇಳುವ ಶಕ್ತಿ ಕನ್ನಡದ ನಿಘಂಟುಕಾರರಿಗೆ ಇಲ್ಲವೆಂದಲ್ಲ. 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದವನ್ನೂ ಅದರ ಹಿನ್ನೆಲೆ, ಬಳಕೆಗಳೊಡನೆ ಬಿಡಿಸಿ ಹೇಳುತ್ತ ಬಂದರು. ಇಂಗ್ಲಿಷ್ ಕಲಿಯುವ ಕನ್ನಡ ಮಕ್ಕಳಿಗಾಗಿ ಮುಂದೆ ನಿಘಂಟು ಬರೆಯುವವರು ಅದೇ ತಾಳ್ಮೆಯಿಂದ ಪ್ರತಿಯೊಂದು ಪದಕ್ಕೂ ‘ಎಂದರೆ’ಯಿಂದ ಹೊರಡುವ ಒಂದು ಪೂರ್ಣ ವಾಕ್ಯವನ್ನು ಬರೆಯಲಿ.