ಕಾಲ್ಫ್ ಎಂಬ ಪುಟ್ಟ ಊರಿನಲ್ಲಿ ಒಂದು ದಿನ

ಜರ್ಮನಿಯ ನೈಋತ್ಯ ಭಾಗದಲ್ಲಿ, ಕಪ್ಪುಕಾಡು ಎಂದು ಹೆಸರಾದ ಬೆಟ್ಟಸೀಮೆಯ ಅಂಚಿನಲ್ಲಿ, ನಾಗೋಲ್ಡ್ ಎಂಬ ಹೊಳೆಯ ದಂಡೆಯ ಮೇಲೆ ಒಂದು ಚಿಕ್ಕ ಊರಿದೆ. ಅದರ ಹೆಸರು ಕಾಲ್ಫ್. ನಮ್ಮ ಕಾಸರಗೋಡಿಗೂ ಆ ಊರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ, ಅದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಸ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗದಲ್ಲಿರುವ ತಮ್ಮನ ಮನೆಗೆ ಬೇಸಗೆ ರಜೆಯಲ್ಲಿ ಹೋಗಿದ್ದಾಗ, ಒಂದು ದಿನವನ್ನು ನಾವು ಈ ಊರಿಗಾಗಿ ಮೀಸಲಿಟ್ಟೆವು. ಫೋರ್ಟ್ಸ್‌ಹೈಮ್ ಪಟ್ಟಣದಿಂದ ಚಿಕ್ಕ ರೈಲು ಹೊಳೆಯನ್ನು ಅನುಸರಿಸಿಕೊಂಡು ಕಣಿವೆಯೊಳಗೆ ಸಾಗುತ್ತದೆ. ಎರಡೂ ಬದಿಗೆ ದಟ್ಟವಾದ ಮರಗಳು. ಹಿಂದೆ ಈ ಕಾಡಿನ ಮರಗಳನ್ನು ತೆಪ್ಪಗಳಾಗಿ ಕಟ್ಟಿ ಇದೇ ಹೊಳೆಯಲ್ಲಿ ತೇಲಿಬಿಡುತ್ತಿದ್ದರಂತೆ.

ಊರಿನ ನಡುವೆ ಇಳಿಜಾರಾದ ಪೇಟೆ ಚೌಕ. ಸುತ್ತಲೂ ಮರದ ಚೌಕಟ್ಟು ನಿಲ್ಲಿಸಿ ನಡುವಣ ಜಾಗಕ್ಕೆ ಗೋಡೆ ತುಂಬಿಸಿದ ಮನೆಗಳು. 1692ರಲ್ಲಿ ಫ್ರೆಂಚ್ ಸೈನ್ಯವು ಊರಿಗೆ ಬೆಂಕಿಯಿಟ್ಟಿತು. ನಾವು ಈಗ ಕಾಣುವ ಹಳೆಯ ಮನೆಗಳಲ್ಲಿ ಹೆಚ್ಚಿನವು ಆ ಬಳಿಕ ಕಟ್ಟಿದವು. ಹೊಳೆಗೆ ಅಡ್ಡವಾಗಿ ಕಲ್ಲಿನ ಹಳೆಯ ಸೇತುವೆ, ಸೇತುವೆಯ ಮೇಲೆಯೇ ಒಂದು ಪುಟ್ಟ ಗುಡಿಯಂತಹ ಪ್ರಾರ್ಥನಾಮಂದಿರ. ಅದರ ಸಮೀಪ ಟೊಪ್ಪಿಯನ್ನು ಕೈಯಲ್ಲಿ ಹಿಡಿದು ನಿಂತ ಕಂಚಿನ ಪ್ರತಿಮೆ. ಅದು 1877ರಲ್ಲಿ ಇಲ್ಲಿ ಹುಟ್ಟಿ 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸಾಹಿತಿ ಹರ್ಮನ್ ಹೆಸ್ಸೆಯದು.

ಈ ಹೆಸ್ಸೆಯ ತಾಯಿ ಮರಿಯ ಹುಟ್ಟಿದ್ದು ನಮ್ಮ ತಲಶ್ಶೇರಿಯಲ್ಲಿ, 1842ರಲ್ಲಿ! ಆಕೆಯ ತಂದೆ ಹರ್ಮನ್ ಗುಂಡರ್ಟ್. ಬಾಸೆಲ್ ಮಿಶನ್ನಿನ ಕೆಲಸಕ್ಕೆ ಬಂದ ಅವರು ಮಲಯಾಳವನ್ನು ಜನರ ಬಾಯಿಂದಲೇ ಕಲಿತರು. 1859ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಮರಳಿದ ಮೇಲೂ ಕೆಲಸ ಬಿಡಲಿಲ್ಲ. ಕಾಲ್ಫ್‌ನಲ್ಲಿ ಕುಳಿತು ಸಿದ್ಧಪಡಿಸಿದ ಅವರ ಮಲಯಾಳ ನಿಘಂಟು 1872ರಲ್ಲಿ ಮಂಗಳೂರಿನ ಮುದ್ರಣಾಲಯದಿಂದ ಹೊರಬಂದಿತು. ನಮ್ಮ ಕನ್ನಡಕ್ಕೆ ಇಂಥದೇ ಸೇವೆ ಮಾಡಿದ ಕಿಟೆಲರ ನಿಘಂಟು ಪ್ರಕಟವಾದದ್ದೂ ಮಂಗಳೂರಿನಲ್ಲೇ, 1894ರಲ್ಲಿ. ಅವರು 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಪಟ್ಟಣ ಕಾಲ್ಫ್‌ನಿಂದ ಬಹಳ ದೂರವೇನಿಲ್ಲ. ಮಲಯಾಳ ಮತ್ತು ಕನ್ನಡ ಎರಡನ್ನೂ ದಿನಬೆಳಗಾದರೆ ಕೇಳುವ ನಮಗೆ ಇವರಿಬ್ಬರೂ ಬೇಕಾದವರೇ.

ಇನ್ನು ಊಟದ ವಿಷಯ. ಬೆಳಿಗ್ಗೆ ರೊಟ್ಟಿಯಂಗಡಿಯಲ್ಲಿ ಬ್ರೆತ್ಸೆಲ್ ಕೊಂಡೆವು. ಕೈಕಟ್ಟಿ ನಿಂತವರ ತೋಳುಗಳಂತೆ ಹೆಣೆದ ಗೋಧಿಯ ತಿಂಡಿ ಇದು. ಬೇಯಿಸುವ ಮೊದಲು ಇದನ್ನು ತಿಳಿಯಾದ ಕ್ಷಾರದ ನೀರಿನಲ್ಲಿ ಅದ್ದುತ್ತಾರೆ. ಕ್ಷಾರ ತಾಗಿದ ಹಿಟ್ಟಿನ ಮೇಲ್ಮೈ ಒಲೆಯ ಕಾವಿಗೆ ಬೇಗನೆ ಕಂದುಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ವಿಶಿಷ್ಟವಾದ ರುಚಿಯೂ ಬರುತ್ತದೆ. ಹತ್ತನೆಯ ತರಗತಿಯವರು ರಸಾಯನಶಾಸ್ತ್ರದ ಪಾಠವನ್ನು ಇಲ್ಲಿ ನೆನೆಯಬಹುದು.

ಮಧ್ಯಾಹ್ನ 'ಷ್ಪೆಟ್ಸ್‌ಲೆ' ತಿಂದೆವು. ಗೋಧಿಹಿಟ್ಟು, ಮೊಟ್ಟೆ, ಉಪ್ಪು, ನೀರು ಕಲಸಿ, ಹಲಗೆಯ ಮೇಲಿಂದ ಸಣ್ಣಗೆ ಹೆರೆದು ಕುದಿಯುವ ನೀರಿಗೆ ಬೀಳಿಸುತ್ತಾರೆ. ಕೆಲವರು ಅಚ್ಚಿನಲ್ಲಿ ಹಾಕಿ ಒತ್ತುವುದೂ ಉಂಟು. ನಮ್ಮ ಮನೆಯ ಒತ್ತುಶ್ಯಾವಿಗೆಯ ನೆನಪು ಬಾರದೆ ಇರಲಿಲ್ಲ. ಆದರೆ ನಾವು ಬೇಯಿಸಿ ಒತ್ತುತ್ತೇವೆ, ಅವರು ಒತ್ತಿ ಬೇಯಿಸುತ್ತಾರೆ! ನಮಗೆ ಅದನ್ನು ಚೀಸ್ ಮತ್ತು ಹುರಿದ ಈರುಳ್ಳಿಯೊಡನೆ ಬಡಿಸಿದರು. ಹುಳಿ ಬೆರೆಸಿ ಬೇಯಿಸಿದ ಚೆನ್ನಂಗಿ ಬೇಳೆಯೊಡನೆಯೂ ಇದನ್ನು ಉಣ್ಣುತ್ತಾರೆ.

'ಮೌಲ್‌ಟಾಷೆ' ಎಂಬುದು ಇನ್ನೊಂದು. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಹೂರಣ ತುಂಬಿದ ಕಡುಬು. ಹೂರಣಕ್ಕೆ ಸಾಮಾನ್ಯವಾಗಿ ಮಾಂಸ ಮತ್ತು ಸೊಪ್ಪು, ತರಕಾರಿಯದೂ ಸಿಗುತ್ತದೆ. ಹತ್ತಿರದ ಮೌಲ್‌ಬ್ರೊನ್ ಮಠದ ಸನ್ಯಾಸಿಗಳು ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಹಿಟ್ಟಿನೊಳಗೆ ಅಡಗಿಸಿದರೆಂದು ಜನ ನಗುತ್ತ ಕಥೆ ಹೇಳುತ್ತಾರೆ. 2009ರಲ್ಲಿ ಐರೋಪ್ಯ ಒಕ್ಕೂಟವು ಈ ಕಡುಬಿನ ಹೆಸರಿಗೆ ಅದರ ಸೀಮೆಯ ಹಕ್ಕನ್ನು ಮಾನ್ಯ ಮಾಡಿತು.

ಒಂದು ಮಾತು ಹೇಳದೆ ಮುಗಿಸಲಾರೆವು. ರೊಟ್ಟಿಯಂಗಡಿಯ ಅಜ್ಜಿ ಆಡಿದ ಮಾತು ತರಗತಿಯಲ್ಲಿ ಜರ್ಮನ್ ಕಲಿತ ನಮ್ಮ ತಮ್ಮನಿಗೂ ಪೂರ್ತಿ ಅರ್ಥವಾಗಲಿಲ್ಲ. ಅದು ಸ್ವಾಬಿಯನ್ ಎಂಬ ಅಲ್ಲಿಯ ಆಡುನುಡಿ. 'ಷ್ಪೆಟ್ಸ್‌ಲೆ'ಯ ಕೊನೆಯ 'ಲೆ' ಕೂಡ ಆ ನುಡಿಯದೇ. 'ಪುಟ್ಟದು' ಎಂಬ ಅಕ್ಕರೆಯ ಅರ್ಥ ಅದಕ್ಕೆ. ಶಾಲೆಯಲ್ಲಿ ಗ್ರಂಥಭಾಷೆ, ಮನೆಯಲ್ಲಿ ಆಡುಭಾಷೆ. ಎರಡನ್ನೂ ಅವರು ಉಳಿಸಿಕೊಂಡಿದ್ದಾರೆ. ಅಂಗಡಿಯ ಫಲಕದಲ್ಲಿಯೂ ಆ 'ಲೆ' ನಾಚದೆ ನಿಂತಿದೆ.

ನಮ್ಮಲ್ಲಿ ಕನ್ನಡ ತರಗತಿಗೆ ಮಕ್ಕಳನ್ನು ಸೇರಿಸುವಾಗ "ಇದರಿಂದ ಏನು ಪ್ರಯೋಜನ, ಮಾಷ್ಟ್ರೇ?" ಎಂದು ಕೇಳುವ ಹೆತ್ತವರಿದ್ದಾರೆ. ಅವರ ಚಿಂತೆ ಸುಳ್ಳಲ್ಲ; ಮಕ್ಕಳ ನಾಳಿನ ಅನ್ನದ ಪ್ರಶ್ನೆ ಅದು. ಮಲಯಾಳವೂ ಬೇಕು, ಇಂಗ್ಲಿಷೂ ಬೇಕು. ಆದರೆ ಕಡಲಾಚೆಯಿಂದ ಬಂದವರು ಒಂದೊಂದೇ ಪದ ಹೆಕ್ಕಿ ಬರೆದಿಟ್ಟ ನುಡಿಗಳನ್ನು, ಅವುಗಳಲ್ಲೇ ಹುಟ್ಟಿದ ನಾವು ಕೈಬಿಡುವುದು ಸರಿಯೇ?

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮಗೊಂದು ಕೆಲಸ. ನಿಮ್ಮ ಅಜ್ಜಿಯ ಬಳಿ ಕುಳಿತು, ಅಡುಗೆಮನೆಯ ಹತ್ತು ಪದಗಳನ್ನು ಅವರು ಹೇಳಿದಂತೆಯೇ ಬರೆದು ತನ್ನಿ. ಕನ್ನಡವಾಗಲಿ, ತುಳುವಾಗಲಿ, ಮಲಯಾಳವಾಗಲಿ, ಮರಾಠಿಯಾಗಲಿ ಅಡ್ಡಿಯಿಲ್ಲ. ಶಾಲೆ ತೆರೆದ ಮೊದಲ ವಾರ ಎಲ್ಲವನ್ನೂ ಒಟ್ಟಿಗೆ ಓದೋಣ.